ಸುಡಬೇಕಾದ ಚಿತ್ರಗಳು

ನ್ಯಿಮಾಲುಂಗ್ ಹುಲ್ಲುಗಾವಲು
ಜುಲೈ 28, 2002

ಲುಗ್ಯಲ್,

ನೀನು ಜಿಲಿಂಗ್ ಪಟ್ಟಣ ಮುಟ್ಟಿದೆ ಎಂದು ಉಣ್ಣೆ ಲಾರಿಯ ಡ್ರೈವರ್ ಸೊದ್ಬಾ ಹೇಳಿದ. ದಾರಿಯುದ್ದಕ್ಕೂ ಕ್ಯಾಮೆರಾ ಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆಯಂತೆ. ಊಟಕ್ಕೆ ನಿಲ್ಲಿಸಿದರೂ ಇಳಿಯಲಿಲ್ಲವಂತೆ. ಹೊಟ್ಟೆಗೆ ಏನಾದರೂ ಹಾಕಿಕೋ. ಬೈಯಲು ನಿನ್ನ ಅಕ್ಕ ಇಲ್ಲ. ಇನ್ನು ಆ ಕೆಲಸವೂ ನನ್ನದೇ.

ಇಲ್ಲಿ ಆಗಬೇಕಾದದ್ದೆಲ್ಲ ಆಗುತ್ತಿದೆ. ಅವಳ ದೇಹವನ್ನು ಗುಡ್ಡದ ಮೇಲೆ ಒಪ್ಪಿಸಿದಾಗ ಹದ್ದುಗಳು ತಡಮಾಡದೆ ಇಳಿದದ್ದನ್ನು ನೀನೂ ಗುಡಾರದ ಬಾಗಿಲಿನಿಂದ ನೋಡಿದೆ. ಅಷ್ಟರಮಟ್ಟಿಗೆ ಸಮಾಧಾನ. ನೀನು ಹೊರಟ ಮೇಲೆ ಅವಳ ಹವಳದ ಸರ, ಬೆಳ್ಳಿಯ ಸೊಂಟಪಟ್ಟಿ, ಹಬ್ಬದ ನಿಲುವಂಗಿ ಎಲ್ಲವನ್ನೂ ಮಠಕ್ಕೆ ಒಪ್ಪಿಸಿದೆ. ಮಠದ ಹಿರಿಯರು ಅಕು ಝೋಪಾ ಇಬ್ಬರು ಭಿಕ್ಷುಗಳನ್ನು ಕರೆದುಕೊಂಡು ವಾರಕ್ಕೊಮ್ಮೆ ಬಂದು ಅವಳಿಗಾಗಿ ಗ್ರಂಥ ಓದುತ್ತಾರೆ. ನೊರ್ಜೊಮ್ ನನ್ನ ತಾಯಿಯ ಮಗ್ಗುಲಲ್ಲಿ ಮಲಗುತ್ತಾಳೆ. ನಾಲ್ಕು ವರ್ಷದ ಮಗುವಿಗೆ ಏನು ಹೇಳಬೇಕೋ ನನಗೆ ತಿಳಿಯದು. ಅಮ್ಮ ಆಮ್ನೆ ಮಾಚೆನ್ ಸುತ್ತಲು ಹೋದವಳು ಇನ್ನೂ ಸುತ್ತುತ್ತಿದ್ದಾಳೆ ಎಂದು ಅಜ್ಜಿ ಹೇಳಿಟ್ಟಿದ್ದಾಳೆ. ದೊಡ್ಡ ಪರ್ವತ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಕುದುರೆ ವರ್ಷದ ಯಾತ್ರೆ, ತಡವಾದೀತು ಎಂದು ಮಗುವೂ ಒಪ್ಪಿಕೊಂಡಿದೆ.

ಬರೆಯಲು ಕುಳಿತದ್ದು ಬೇರೆ ಕಾರಣಕ್ಕೆ. ಗುಡಾರದ ಕಂಬಕ್ಕೆ ಸಿಕ್ಕಿಸಿದ್ದ ಅವಳ ಫೋಟೊಗಳನ್ನು ಒಲೆಗೆ ಹಾಕಿದೆ. ನಮ್ಮ ಮದುವೆಯದೂ ಹೋಯಿತು. ನಂಟರ ಮನೆಗಳಲ್ಲಿ ಇದ್ದವನ್ನೂ ಕೇಳಿ ತಂದು ಸುಟ್ಟೆ. ಗುರುತಿನ ಚೀಟಿ ಅವಳ ಮೈಮೇಲೇ ಇತ್ತು, ನೀರು ಕುಡಿದು ಬರಿಯ ಬಿಳಿ ಕಾಗದವಾಗಿತ್ತು. ಇನ್ನು ಉಳಿದದ್ದು ನಿನ್ನ ಬಳಿ ಇರುವುದು. ಹಾಲು ಕರೆಯುವಾಗ, ಬೆರಣಿ ತಟ್ಟುವಾಗ, ಸ್ತೂಪ ಸುತ್ತುವಾಗ, ಮಠದ ಅಂಗಳದಲ್ಲಿ ಉದ್ದಂಡ ನಮಸ್ಕಾರ ಹಾಕುವಾಗ, ಕ್ಯಾಮೆರಾ ಕೈಗೆ ಬಂದಂದಿನಿಂದ ನೀನು ಅವಳ ಬೆನ್ನು ಬಿಟ್ಟವನಲ್ಲ. ಅವನ್ನೆಲ್ಲ ಸುಟ್ಟುಬಿಡು. ಫೋಟೊ ಮಾತ್ರವಲ್ಲ, ಆ ಕಪ್ಪು ನೆಗೆಟಿವ್‌ಗಳನ್ನೂ. ಅವಳು ಮುಂದಿನ ಜನ್ಮಕ್ಕೆ ದಾಟುವ ನಲವತ್ತೊಂಬತ್ತನೆಯ ದಿನದೊಳಗೆ ಆಗಬೇಕು. ಒಂದು ಕೈಯಿಂದ ಹೋಗು ಎಂದು ದಾರಿ ತೋರಿಸಿ ಇನ್ನೊಂದು ಕೈಯಿಂದ ಅಂಗಿಯ ತುದಿ ಹಿಡಿದುಕೊಂಡರೆ ಹೋಗುವವರು ಹೇಗೆ ಹೋದಾರು?

ಸುಟ್ಟ ಮೇಲೆ ಒಂದು ಸಾಲು ಬರೆ. ಸೊದ್ಬಾನ ಲಾರಿ ಹದಿನೈದು ದಿನಕ್ಕೊಮ್ಮೆ ಓಡಾಡುತ್ತದೆ.

ನಿನ್ನ ಭಾವ,
ತಮ್ಡಿನ್ ಕ್ಯಾಬ್


ಜಿಲಿಂಗ್
ಆಗಸ್ಟ್ 9

ಭಾವ,

ನಿನ್ನ ಕಾಗದವನ್ನು ಸೊದ್ಬಾ ನನ್ನ ಕೋಣೆಗೇ ತಂದು ಕೊಟ್ಟ. ತಿಂದೆಯೋ ಇಲ್ಲವೋ ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ತನ್ನ ಚೀಲದಿಂದ ತ್ಸಂಪಾ ಹಿಟ್ಟು ತೆಗೆದು ಚಹಾದಲ್ಲಿ ಕಲಸಿ ಉಂಡೆ ಮಾಡಿ ಕೈಗಿಟ್ಟ. ಅವನೆದುರು ತಿಂದೆ.

ಯಾತ್ರೆಯ ರೀಲುಗಳನ್ನು ಇನ್ನೂ ತೊಳೆದಿಲ್ಲ ಭಾವ. ಡಬ್ಬಿಗಳು ಮೇಜಿನ ಮೇಲೆ ಸಾಲಾಗಿ ಕುಳಿತಿವೆ. ಕತ್ತಲೆ ಕೋಣೆಗೆ ಹೋಗುತ್ತೇನೆ, ಕೆಂಪು ದೀಪ ಹಾಕುತ್ತೇನೆ, ಹೊರಗೆ ಬರುತ್ತೇನೆ. ಅವುಗಳೊಳಗೆ ಯಾಂಗ್ಮೊ ಅಕ್ಕ ಇನ್ನೂ ನಡೆಯುತ್ತಿದ್ದಾಳೆ. ಮೊದಲ ದಿನ ಧೂಪದ ಗುಡ್ಡದ ಬಳಿ ನಾನು ಯಾತ್ರಿಕರ ಮುಖ ಸಿಗಲೆಂದು ಹಿಮ್ಮುಖವಾಗಿ ನಡೆಯುತ್ತಿದ್ದಾಗ ಗೋಲೊಕ್‌ನ ಆ ಮುದುಕಿ ಬೈದದ್ದು ನೆನಪಿದೆಯಾ? "ಏ ಡಬ್ಬಿಯವನೇ, ಎಲ್ರೂ ದೇವರ ಕಡೆ ಮುಖ ಮಾಡಿ ನಡೆದ್ರೆ ನೀನು ಅಂಡು ಮಾಡ್ಕೊಂಡು ನಡೀತೀಯಲ್ಲೋ" ಎಂದಳು. ಅಕ್ಕ ನಡೆಯುತ್ತಲೇ ಹೇಳಿದಳು: "ಬಿಡಿ ಅಜ್ಜಿ, ನಮಗೆ ಸಿಗೋ ಪುಣ್ಯ ಅವನಿಗೆ ತಿರುಗುಮುರುಗಾಗಿ ಸಿಗ್ಲಿ. ಮುಂದಿನ ಜನ್ಮದಲ್ಲಿ ಏಡಿ ಆಗ್ತಾನೆ." ಆಗ ಅವಳು ನಕ್ಕದ್ದು ಒಂದು ಡಬ್ಬಿಯಲ್ಲಿದೆ. ಯಾವುದರಲ್ಲಿ ಎಂದು ಗೊತ್ತಿಲ್ಲ.

ಅವಳನ್ನು ಇನ್ನೂ ನಾನೇ ನೋಡಿಲ್ಲ. ನೋಡದೆ ಹೇಗೆ ಸುಡಲಿ?

ನನ್ನನ್ನು ಹೆತ್ತವಳ ಮುಖ ನನಗೆ ಗೊತ್ತಿಲ್ಲ, ನಿನಗೆ ತಿಳಿದ ವಿಷಯವೇ. ಅಮ್ಮ ಹೋದಾಗ ಅಕ್ಕ ಹನ್ನೊಂದರವಳು, ನಾನು ಅವಳ ಅಂಗಿಯೊಳಗೆ ಜೋತುಬಿದ್ದಿದ್ದ ಕೂಸು. ಅಮ್ಮ ಹೇಗಿದ್ದಳು ಎಂದು ಕೇಳಿದರೆ "ನನ್ನ ಹಾಗೇ, ಸ್ವಲ್ಪ ಕುಳ್ಳಿ" ಎನ್ನುತ್ತಿದ್ದಳು. ನನಗಿದ್ದ ಇಬ್ಬರು ತಾಯಂದಿರಿಗೂ ಒಂದೇ ಮುಖ. ಅದನ್ನು ಒಲೆಗೆ ಹಾಕು ಎನ್ನುತ್ತೀಯ.

ಅಕು ಝೋಪಾ ಅವರನ್ನು ಕೇಳಿ ನೋಡು. ಅವರು ಏನೆನ್ನುತ್ತಾರೋ ಹಾಗಾಗಲಿ. ಅಲ್ಲಿಯವರೆಗೆ ಸಮಯ ಕೊಡು.

ನೊರ್ಜೊಮ್‌ಳ ಕೆನ್ನೆಗೆ ಬೆಣ್ಣೆ ಹಚ್ಚುತ್ತಿರಿ, ಗಾಳಿಗೆ ಬಿರಿಯುತ್ತದೆ.

ಲುಗ್ಯಲ್


ನ್ಯಿಮಾಲುಂಗ್
ಆಗಸ್ಟ್ 21

ಲುಗ್ಯಲ್,

ನೀನು ಅವಳ ಹೆಸರು ಬರೆದೆ. ಕಾಗದವನ್ನು ನನ್ನ ತಾಯಿಯ ಎದುರು ಜೋರಾಗಿ ಓದುತ್ತಿದ್ದೆ, ಕಣ್ಣು ಮುಂದೆ ಹೋಗುವ ಮೊದಲೇ ಬಾಯಿ ಹೆಸರನ್ನು ಹೇಳಿಬಿಟ್ಟಿತು. ಅಮ್ಮ ಎದ್ದು ಹೊರಗೆ ಹೋದಳು. "ಹೋದೋಳನ್ನ ಹೆಸರು ಹಿಡಿದು ಕೂಗಿದ್ರೆ ಅವಳು ನಿಂತು ತಿರುಗಿ ನೋಡ್ತಾಳೆ. ಪಟ್ಟಣ ಸೇರಿದೋರಿಗೆ ಇಷ್ಟೂ ಮರೆತುಹೋಯ್ತಾ?" ಎಂದಳು. ಆ ಸಾಲನ್ನು ಕತ್ತರಿಸಿ ಒಲೆಗೆ ಹಾಕಿದ್ದೇನೆ. ಇನ್ನು ಬರೆಯಬೇಡ.

ಅಕು ಝೋಪಾ ಅವರನ್ನು ಕೇಳಿದೆ. ಚಹಾ ಕುಡಿಯುತ್ತಿದ್ದರು.

"ಕಾಗದ ಯಾರನ್ನೂ ಹಿಡ್ಕೊಳ್ಳಲ್ಲ ಕಣಪ್ಪ, ಹಿಡ್ಕೊಳ್ಳೋದು ನೋಡೋನ ಕಣ್ಣು" ಎಂದರು.

"ಹಾಗಾದ್ರೆ ಸುಡೋದು ಬೇಡ್ವಾ ಅಕು?"

"ಬಿಡೋಕೆ ಆಗ್ದೇ ಇರೋನು ಸುಡ್ಲಿ. ಬಿಡೋಕೆ ಆಗೋನು ಇಟ್ಕೊಳ್ಲಿ."

ಆಮೇಲೆ ಬಟ್ಟಲನ್ನು ನಾಲಿಗೆಯಿಂದ ನೆಕ್ಕಿ ಎದೆಯೊಳಗೆ ಇಟ್ಟುಕೊಳ್ಳುತ್ತಾ ತಾವೇ ಹೇಳಿದರು: "ಬಿಡೋಕೆ ಆದೋನು ಇಟ್ಕೊಳ್ಳೋದಾದ್ರೂ ಏತಕ್ಕೆ?"

ನೀನು ಯಾವ ಜಾತಿಯವನು ಎಂದು ನಿನಗೇ ಗೊತ್ತಿದೆ.

ಇನ್ನೊಂದು ವಿಷಯ. ಸೊದ್ಬಾ ಬಾಯಿ ಬಿಟ್ಟ. ನಿಮ್ಮ ಪ್ರವಾಸದ ಪತ್ರಿಕೆಯವರು ನಮ್ಮ ಗುಡಾರ, ಮಠ, ಯಾತ್ರೆಗಳ ಚಿತ್ರಗಳನ್ನೆಲ್ಲ ಸೇರಿಸಿ ದೊಡ್ಡ ಪುಸ್ತಕ ಮಾಡುತ್ತಾರಂತೆ. ಅದರ ಮೇಲೆ ಅವಳ ಮುಖ ಬರುತ್ತದಂತೆ. ನಿನ್ನ ಕೋಣೆಯ ಗೋಡೆಯಲ್ಲಿ ಅವನು ನೋಡಿದ್ದಾನೆ, ಕುರಿಯ ಚರ್ಮದಷ್ಟು ದೊಡ್ಡದು. ನಿನ್ನ ಕಾಗದದಲ್ಲಿ ಏಡಿಯ ಕಥೆ ಇತ್ತು, ಇದು ಇರಲಿಲ್ಲ.

ಅವಳು ನಿನಗೆ ಅಕ್ಕ. ನನಗೆ ಹೆಂಡತಿ. ಪುಸ್ತಕ ಕೊಳ್ಳುವವನಿಗೆ ಯಾರು? ಕೆಂಪು ಕೆನ್ನೆಯ ಒಬ್ಬ ಹೆಂಗಸು. ಅವನು ಊಟದ ಮೇಜಿನ ಮೇಲೆ ಅವಳನ್ನಿಟ್ಟು ಅದರ ಮೇಲೆ ಬಟ್ಟಲಿಡುತ್ತಾನೆ.

ಹೊಳೆ ದಾಟುವಾಗ ನೀನು ಮುಂದಿನ ಗುಡ್ಡದ ಮೇಲೆ ಪರ್ವತದ ಬೆಳಕಿಗೆ ಕಾಯುತ್ತಿದ್ದೆ. ನಾನು ಹಿಂದೆ ಹೊರೆ ಬಿಗಿಯುತ್ತಿದ್ದೆ. ಕರಿಯ ಯಾಕ್‌ನ ಹಗ್ಗವನ್ನು ಅವಳು ಮುಂಗೈಗೆ ಸುತ್ತಿಕೊಂಡಿದ್ದಳು. ಅವಳನ್ನೂ ಯಾಕನ್ನೂ ನೀರು ಎಳೆದೊಯ್ದದ್ದನ್ನು ನಾವಿಬ್ಬರೂ ನೋಡಲಿಲ್ಲ. ಈ ಮಾತನ್ನು ನಾನು ಯಾರ ಮೇಲೂ ಹೊರಿಸುತ್ತಿಲ್ಲ. ಅವಳಿಗೆ ನಾವು ಮಾಡಬಹುದಾದದ್ದು ಇನ್ನು ಒಂದೇ ಉಳಿದಿದೆ ಎನ್ನುತ್ತಿದ್ದೇನೆ.

ಸೆಪ್ಟೆಂಬರ್ ಮೊದಲ ದಿನ ನಲವತ್ತೊಂಬತ್ತು ತುಂಬುತ್ತದೆ.

ತಮ್ಡಿನ್ ಕ್ಯಾಬ್


ಜಿಲಿಂಗ್
ಸೆಪ್ಟೆಂಬರ್ 6

ಭಾವ,

ದಿನ ಕಳೆದುಹೋಯಿತು. ನಾನು ಸುಡಲಿಲ್ಲ.

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಿನಗೂ ನೆಮ್ಮದಿ, ನನಗೂ ಚಿತ್ರಗಳು. ಸೊದ್ಬಾನಿಗೂ ಗೋಡೆ ತೋರಿಸದೆ ಇರಬಹುದಿತ್ತು. ಹೊಳೆಯ ಕಥೆ ಇಷ್ಟು ಹತ್ತಿರ ಇರುವಾಗ ನಿನಗೆ ಸುಳ್ಳು ಬರೆಯಲು ಕೈ ಬರಲಿಲ್ಲ.

ಆ ದಿನ ಮಠಕ್ಕೆ ಹೋಗಿ ದೀಪ ಹಚ್ಚಿಸಿದೆ. ತಿರುಗಿ ಬಂದವನು ರೀಲುಗಳನ್ನು ತೊಳೆದೆ. ನಿನಗೆ ಈ ಕೆಲಸ ಗೊತ್ತಿಲ್ಲ. ತಟ್ಟೆಯ ನೀರಿನಲ್ಲಿ ಬಿಳಿ ಕಾಗದ ಇರುತ್ತದೆ, ಅಲ್ಲಾಡಿಸುತ್ತಾ ಇದ್ದರೆ ಮೆಲ್ಲಗೆ ಮುಖ ಮೇಲೆ ಬರುತ್ತದೆ. ನೀರಿನಿಂದ ಅವಳು ಎದ್ದು ಬಂದಳು ಭಾವ. ಒಂದಾದ ಮೇಲೆ ಒಂದು. ಮಂತ್ರ ಕೆತ್ತಿದ ಮಣಿಕಲ್ಲುಗಳ ರಾಶಿಯ ಮೇಲೆ ಕಲ್ಲಿಡುತ್ತಾ. ಕಣಿವೆಯ ತುದಿಯಲ್ಲಿ ಗಾಳಿಕುದುರೆಯ ಪ್ರಾರ್ಥನೆ ಕಾಗದಗಳನ್ನು ತೂರಿ, ಅವು ತಿರುಗಿ ಅವಳ ಮುಖಕ್ಕೇ ಬಂದಾಗ ಕಣ್ಣು ಮುಚ್ಚಿಕೊಂಡು. ನಿನ್ನ ಬೂಟಿನೊಳಗಿನ ಹುಲ್ಲು ಬದಲಿಸುತ್ತಾ. ಅದು ನಿನಗೆ ಗೊತ್ತೇ ಇರಲಿಲ್ಲ, ನೀನು ಮಲಗಿದ್ದೆ.

ಕೊನೆಯ ರೀಲಿನಲ್ಲಿ ನಾನು ಕಾದು ಕುಳಿತು ತೆಗೆದ ಪರ್ವತವಿದೆ. ನಮ್ಮ ಪರ್ವತದೇವರು ಮಾಚೆನ್ ಪೊಮ್ರಾನ ಹಿಮದ ಮೇಲೆ ಮೊದಲ ಬಿಸಿಲು. ಅಂಥ ಬೆಳಕು ಯಾರಿಗೂ ಸಿಕ್ಕಿಲ್ಲ ಎಂದು ಸಂಪಾದಕರು ಹೇಳಿದರು. ಅದರ ಎಡಗಡೆಯ ಕೆಳಮೂಲೆಯಲ್ಲಿ ಹೊಳೆ ಒಂದು ದಾರದಷ್ಟು ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ನೀರಿನ ನಡುವೆ ಎರಡು ಚುಕ್ಕೆಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಅಷ್ಟೇ. ಅದಕ್ಕಿಂತ ಹತ್ತಿರ ಹೋದರೆ ಬರಿಯ ಕಾಳುಕಾಳು.

ಅದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ನನ್ನಿಂದ ಆಗುವುದಿಲ್ಲ. ಅಕು ಹೇಳಿದ ಮೊದಲನೆಯ ಜಾತಿಯವನೇ ನಾನು, ಆದರೆ ಸುಡುವ ಶಕ್ತಿ ಇಲ್ಲದವನು. ಅವರು ಅಂಥವನಿಗೆ ಏನೂ ಹೇಳಲಿಲ್ಲವೇ?

ಲುಗ್ಯಲ್


ಜಿಲಿಂಗ್
ಸೆಪ್ಟೆಂಬರ್ 27

ಭಾವ,

ಸೊದ್ಬಾ ಬರಿಗೈಯಲ್ಲಿ ಬಂದ. ಕೇಳಿದರೆ, "ಕೊಡೋದು ಏನೂ ಇಲ್ಲ ಅಂದ್ರು" ಎಂದು ತಲೆ ತಗ್ಗಿಸಿದ.

ಮಗುವಿಗೆ ಬೂಟು ಕಳಿಸಿದ್ದೇನೆ, ಒಳಗೆ ಉಣ್ಣೆ ಇದೆ. ನಿನ್ನ ತಾಯಿಗೆ ಇಟ್ಟಿಗೆಯ ಹಾಗೆ ಒತ್ತಿದ ಚಹಾ. ನನ್ನ ಮೇಲಿನ ಕೋಪವನ್ನು ಬೂಟಿನ ಮೇಲೆ ತೀರಿಸಬೇಡ.

ಲು.


ನ್ಯಿಮಾಲುಂಗ್, ಚಳಿಗಾಲದ ಮನೆ
ಅಕ್ಟೋಬರ್ 17

ಲುಗ್ಯಲ್,

ಬೂಟು ಒಂದು ಬೆರಳು ದೊಡ್ಡದಾಯಿತು. ಇನ್ನಷ್ಟು ಉಣ್ಣೆ ತುರುಕಿದ್ದೇವೆ. ಮಗು ಹಾಸಿಗೆಯಲ್ಲೂ ಬಿಚ್ಚಗೊಡುವುದಿಲ್ಲ.

ನಾನು ಕೋಪದಿಂದ ಬರೆಯಲಿಲ್ಲ ಎಂದುಕೊಂಡಿದ್ದೀಯ. ಮೊದಲು ಕೋಪವೇ. ನಿನ್ನ ಸೆಪ್ಟೆಂಬರಿನ ಕಾಗದವನ್ನು ಓದಿ, ಕುದುರೆ ಹತ್ತಿ ಜಿಲಿಂಗ್‌ಗೇ ಬಂದು ನಿನ್ನ ಕೋಣೆಗೆ ಬೆಂಕಿ ಹಚ್ಚಬೇಕು ಎನ್ನಿಸಿತ್ತು. ಆಮೇಲೆ ಬೇರೆಯದೇ ಒಂದು ಶುರುವಾಯಿತು. ಅದನ್ನು ಹೇಗೆ ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ಅವಳ ಮುಖ ನನಗೆ ಸಿಗುತ್ತಿಲ್ಲ.

ಕೈ ಸಿಗುತ್ತದೆ. ಹಾಲಿನ ತಂಬಿಗೆಯ ಕಂಠ ಹಿಡಿಯುವ ರೀತಿ, ಹೆಬ್ಬೆರಳಿನ ಸುಟ್ಟ ಕಲೆ. ಜಡೆಗಳ ತೂಕ ಸಿಗುತ್ತದೆ. ನಾಯಿಗೆ ಬೈಯುವ ದನಿ ಸಿಗುತ್ತದೆ. ಹಿಂದಿನಿಂದ ಸಿಗುತ್ತಾಳೆ, ಬೆರಣಿಯ ಬುಟ್ಟಿ ಹೊತ್ತು ಏರು ಹತ್ತುತ್ತಿರುತ್ತಾಳೆ. ತಿರುಗು ಎನ್ನುತ್ತೇನೆ. ತಿರುಗಿದರೆ ಅಲ್ಲಿ ಹೊಳೆಯಿಂದ ಎತ್ತಿದ ಮುಖ ಇರುತ್ತದೆ. ಅದೊಂದೇ ಉಳಿದಿದೆ. ಅದು ಅವಳದಲ್ಲ. ನಾಲ್ಕು ದಿನ ನೀರಿನಲ್ಲಿದ್ದದ್ದು ಯಾರ ಮುಖವೂ ಅಲ್ಲ.

ಮೊನ್ನೆ ನೊರ್ಜೊಮ್ ಕೇಳಿದಳು: "ಅಪ್ಪ, ಅಮ್ಮನ ಮೂಗು ಹೆಂಗಿತ್ತು?"

"ನಿನ್ನದರ ಹಾಗೆ" ಎಂದೆ.

ಅವಳು ಹೋಗಿ ನೀರಿನ ಹಂಡೆಯೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ಬಗ್ಗಿದ್ದಳು. "ನೀರು ಅಲ್ಲಾಡ್ತಾನೇ ಇದೆ" ಎಂದು ಎದ್ದು ಬಂದಳು.

ನನ್ನ ತಾಯಿಗೆ ಮೊಣಕಾಲು ಹಿಡಿದುಕೊಂಡಿದೆ. ಹಾಲು ಕರೆಯಲು ನನ್ನ ತಂಗಿ ಲ್ಹಾತ್ಸೊ ಗಂಡನ ಮನೆಯಿಂದ ಬಂದಿದ್ದಾಳೆ. ಅವಳಿಗೆ ಮಕ್ಕಳಿಲ್ಲ, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ಲುಗ್ಯಲ್, ನೀನು ಸುಡದೆ ಇದ್ದದ್ದು ಒಳ್ಳೆಯದಾಯಿತು. ಇದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಒಂದು ಕಳಿಸು. ಚಿಕ್ಕದು ಸಾಕು, ತಾಯಿತದ ಪೆಟ್ಟಿಗೆಯೊಳಗೆ ಹಿಡಿಯುವಷ್ಟು. ಅಮ್ಮನಿಗೆ ಹೇಳುವುದಿಲ್ಲ, ಅಕು ಅವರಿಗೂ ಹೇಳುವುದಿಲ್ಲ. ಪಾಪ ಬಂದರೆ ನನಗೆ ಬರಲಿ. ಬೂಟಿಗೆ ಹುಲ್ಲು ತುಂಬುವುದು ಇದ್ದರೆ ಅದನ್ನೇ ಕಳಿಸು. ಇಲ್ಲವಾದರೆ ಯಾವುದಾದರೂ ಸರಿ, ಮುಖ ಕಾಣಬೇಕು ಅಷ್ಟೇ.

ಕಣಿವೆಯ ಮೇಲೆ ಹಿಮ ಬೀಳುತ್ತಿದೆ. ಸೊದ್ಬಾ ನಾಳೆ ಹೊರಡುತ್ತೇನೆ ಎನ್ನುತ್ತಾನೆ, ದಾರಿ ಬಿಟ್ಟರೆ.

ನಿನ್ನ ಭಾವ,
ತಮ್ಡಿನ್


ಜಿಲಿಂಗ್
ಅಕ್ಟೋಬರ್ 23

ಭಾವ,

ಆಗಸ್ಟ್ ಆದ ಮೇಲೆ ನಿನ್ನಿಂದ ಒಂದು ಅಕ್ಷರ ಬಂದಿಲ್ಲ. ಈ ಸಲ ಸೊದ್ಬಾನ ಲಾರಿಯೂ ಬಂದಿಲ್ಲ, ಕಣಿವೆಯ ದಾರಿ ಹಿಮಕ್ಕೆ ಕಟ್ಟಿದೆಯಂತೆ. ಇದನ್ನು ನಿಮ್ಮ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಿರುವ ಭಿಕ್ಷು ಒಬ್ಬರ ಕೈಯಲ್ಲಿ ಕೊಡುತ್ತಿದ್ದೇನೆ. ನೀನು ಓದದೆ ಬಿಸಾಡದಿದ್ದರೆ ಸಾಕು. ಈ ಸಲ ನಿನಗೆ ಬೇಕಾದ ಸುದ್ದಿಯೇ ಇದೆ.

ಹಿಂದಿನ ವಾರ ಸಂಪಾದಕ ಚೆನ್ ಕರೆಸಿದರು. ಅವಳ ಮುಖವಿದ್ದ ಪುಸ್ತಕದ ಹೊದಿಕೆಯನ್ನು ಪರೀಕ್ಷೆಗೆಂದು ಒಂದು ಹಾಳೆ ಮುದ್ರಿಸಿ ಮೇಜಿನ ಮೇಲೆ ಹರಡಿದ್ದರು. ಕೆನ್ನೆಯನ್ನು ಇನ್ನಷ್ಟು ಕೆಂಪು ಮಾಡಿದ್ದರು. ನಾನು ಹೇಳಿದೆ, ಇವಳು ನನ್ನ ಅಕ್ಕ, ಈಗ ಇಲ್ಲ, ಹೊದಿಕೆಗೆ ಬೇರೆ ಹಾಕೋಣ ಎಂದು. ಅವರು ಒಳ್ಳೆಯವರೇ. ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. "ಅಯ್ಯೋ, ಗೊತ್ತೇ ಇರ್ಲಿಲ್ಲ ನೋಡು" ಎಂದರು. ಆಮೇಲೆ ಮೃದುವಾಗಿಯೇ ಕೇಳಿದರು: "ಯಾತ್ರೆಯಲ್ಲೇ ಹೋದ್ರಾ? ಹಾಗಾದ್ರೆ ಒಳಗೆ ಒಂದು ಸಾಲು ಬರಿಯೋಣ. ಇವಳು ಈ ಪರ್ವತದಲ್ಲೇ ಲೀನವಾದಳು ಅಂತ. ನೋಡೋರು ಎರಡನೇ ಸಲ ಮುಖಪುಟಕ್ಕೆ ತಿರುಗಿ ಬರ್ತಾರೆ."

ನೀನು ಹೇಳಿದ್ದ ಬಟ್ಟಲು ನನಗೆ ಕಾಣಿಸಿತು ಭಾವ.

ಆ ಹಾಳೆಯನ್ನು ಅಲ್ಲೇ ಹರಿದೆ. ನನ್ನವೆಂದು ಕೊಟ್ಟಿದ್ದ ಚಿತ್ರಗಳನ್ನೆಲ್ಲ ಬಾಚಿಕೊಂಡು ಬಂದೆ. ಪತ್ರಿಕೆಯ ಕೆಲಸವೂ ಅಲ್ಲಿಗೆ ಮುಗಿಯಿತು. ಅದು ದೊಡ್ಡದಲ್ಲ, ಮದುವೆ ಮನೆಗಳಲ್ಲಿ ಫೋಟೊ ತೆಗೆದು ಬದುಕುವವರು ಇದ್ದಾರೆ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಹಳೆಯ ಎಣ್ಣೆ ಡಬ್ಬದಲ್ಲಿ ದೇವದಾರು ಸೊಪ್ಪು ಹಾಕಿ ಬೆಂಕಿ ಮಾಡಿದೆ. ಮೊದಲು ಫೋಟೊಗಳು. ಕಾಗದ ಅಂಚಿನಿಂದ ಸುರುಟುತ್ತಾ ಬರುತ್ತದೆ, ಮುಖ ಕೊನೆಗೆ ಹೋಗುತ್ತದೆ. ಹಾಲು ಕರೆಯುವವಳು, ಸ್ತೂಪ ಸುತ್ತುವವಳು, ನಗುವವಳು ಎಲ್ಲರೂ ಹೋದರು. ಆಮೇಲೆ ನೆಗೆಟಿವ್. ಅದು ಉರಿಯುವುದಿಲ್ಲ, ಕರಗಿ ಮುದುಡಿ ಕರಿಹೊಗೆ ಬಿಡುತ್ತದೆ. ಕೆಳಗಿನಿಂದ ಮನೆಯೊಡತಿ, "ಅಲ್ಲೇನು ಚಪ್ಪಲಿ ಸುಡ್ತಿದ್ದೀಯಾ? ಬಟ್ಟೆ ಒಣಗ್ಹಾಕಿದೀನಿ ಕಣೋ" ಎಂದು ಕೂಗಿದಳು. ತಪ್ಪಾಯಿತು ಎಂದೆ.

ಕೊನೆಯದನ್ನು ಹಾಕುವ ಮೊದಲು ಆಕಾಶಕ್ಕೆ ಹಿಡಿದು ನೋಡಿದೆ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಮುಖ ಕಪ್ಪು, ಕೂದಲು ಬೆಳ್ಳಗೆ. ಅಕ್ಕ ಮುದುಕಿಯಾಗಿದ್ದಳು ಭಾವ. ತಲೆತುಂಬ ನರೆತ ಜಡೆ, ನಗು ಅದೇ. ಬದುಕಿದ್ದರೆ ಅವಳು ಹೀಗಾಗುತ್ತಿದ್ದಳು. ಅದನ್ನು ನೋಡಿದವನು ನಾನೊಬ್ಬನೇ. ನೋಡಿ, ಹಾಕಿಬಿಟ್ಟೆ.

ಪರ್ವತದ ಚಿತ್ರವನ್ನೂ ಹಾಕಿದೆ.

ಏನೂ ಉಳಿಸಿಕೊಂಡಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಚೂರೂ ಇಲ್ಲ. ತಡವಾಯಿತು. ತಡವಾದರೂ ಅವಳ ದಾರಿ ಬಿಟ್ಟಿದ್ದೇನೆ. ಇನ್ನಾದರೂ ನನಗೆ ಬರೆ.

ಲುಗ್ಯಲ್


ಜಿಲಿಂಗ್
ನವೆಂಬರ್ 25

ಭಾವ,

ನಿನ್ನ ಅಕ್ಟೋಬರಿನ ಕಾಗದ ಈ ತಿಂಗಳ ಎಂಟಕ್ಕೆ ಕೈ ಸೇರಿತು. ಸೊದ್ಬಾ ಕಣಿವೆಯಲ್ಲಿ ಹಿಮಕ್ಕೆ ಸಿಕ್ಕಿ ಅಲ್ಲೇ ಕಾದಿದ್ದನಂತೆ. ಅಷ್ಟು ಹೊತ್ತಿಗೆ ಭಿಕ್ಷುವಿನ ಕೈಯಲ್ಲಿ ಕೊಟ್ಟ ನನ್ನ ಕಾಗದ ನಿನ್ನನ್ನು ಮುಟ್ಟಿರಬೇಕು. ನೀನು ಅದನ್ನು ಓದುತ್ತಿರುವುದನ್ನು ಮನಸ್ಸಿನಲ್ಲಿ ನೋಡಲು ಹೋಗುತ್ತೇನೆ, ಆಗುವುದಿಲ್ಲ.

ಇಷ್ಟು ದಿನ ಬರೆಯದೆ ಇದ್ದದ್ದು ಅವಳ ಒಂದು ಚಿತ್ರಕ್ಕಾಗಿ ಹುಡುಕುತ್ತಿದ್ದದ್ದಕ್ಕೆ. ಚೆನ್ ಅವರ ಬಳಿಗೆ ಹೋದೆ. ನನ್ನನ್ನು ಕಂಡು ಬಾಗಿಲು ಹಾಕಲಿಲ್ಲ, ಅಚ್ಚುಕೂಟದವರೆಗೂ ಜೊತೆಗೆ ಬಂದರು. ಅಚ್ಚಿನ ತಗಡನ್ನು ಉಜ್ಜಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು. ಹರಿದ ಹಾಳೆ ಕಸದ ಗಾಡಿ ಸೇರಿ ವಾರಗಳಾಗಿದ್ದವು. ಹೊರಡುವಾಗ ಅವರು, "ಯಾವುದಾದ್ರೂ ಒಂದನ್ನ ಇಟ್ಕೋಬೇಕಿತ್ತಪ್ಪ" ಎಂದರು. ಬೇರೆ ಯಾರು ಹೇಳಿದ್ದರೂ ಹೊಡೆಯುತ್ತಿದ್ದೆ.

ಯಾತ್ರೆಯಲ್ಲಿ ಧೂಪದ ಗುಡ್ಡದ ಬಳಿ ನಮ್ಮ ಒಲೆಯಲ್ಲಿ ಚಹಾ ಕುಡಿದು ಹೋದ ಶಾಂಘೈನ ದಂಪತಿ ನೆನಪಿದ್ದಾರಾ? ಗಂಡನ ಕೊರಳಲ್ಲಿ ಕ್ಯಾಮೆರಾ ಇತ್ತು, ಅಕ್ಕನ ಕಿವಿಯೋಲೆ ಹಿಡಿದು ನೋಡಿದ್ದು ಹೆಂಡತಿ. ಅವರ ವಿಳಾಸ ನನ್ನಲ್ಲಿತ್ತು, ಬರೆದೆ. ಪಾಪ, ತಮ್ಮ ಪ್ರವಾಸದ ಚಿತ್ರಗಳನ್ನೆಲ್ಲ ಹುಡುಕಿ ಒಂದನ್ನು ಕಳಿಸಿದ್ದಾರೆ. ಇದರೊಳಗೆ ಇಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಆಸೆಯಿಂದ ಬಿಚ್ಚಬೇಡ. ಅವರು ತೆಗೆದದ್ದು ಸ್ತೂಪವನ್ನು. ಯಾತ್ರಿಕರು ಕೆಳಗೆ ಸಾಲಾಗಿ ಹೋಗುತ್ತಿದ್ದಾರೆ. ಎಡದಿಂದ ಮೂರನೆಯವಳು ಅವಳು, ಪಕ್ಕದಲ್ಲಿ ಕರಿಯ ಯಾಕ್. ಧೂಳಿಗೆ ಮೂಗಿನ ಮೇಲಿನವರೆಗೂ ಬಟ್ಟೆ ಕಟ್ಟಿಕೊಂಡಿದ್ದಾಳೆ. ಕಣ್ಣಿನ ಮೇಲೆ ಟೋಪಿಯ ನೆರಳಿದೆ.

ನಾನೇ ಬಂದು ಮಗುವಿಗೆ ಹೇಳಲೇ? ಹುಬ್ಬು ಹೀಗಿತ್ತು, ತುಟಿ ಹೀಗಿತ್ತು ಎಂದು? ಸಾವಿರ ಸಲ ಆ ಮುಖವನ್ನು ನೋಡಿದವನು ನಾನು. ಆದರೆ ನೋಡಿದ್ದೆಲ್ಲ ಗಾಜಿನ ಹಿಂದಿನಿಂದ, ಬೆಳಕು ಎಷ್ಟಿದೆ ಎಂದು. ಈಗ ಕಣ್ಣು ಮುಚ್ಚಿದರೆ ನನಗೆ ಬರುವುದು ಬೆಳಕು ಮಾತ್ರ.

ಲುಗ್ಯಲ್


ನ್ಯಿಮಾಲುಂಗ್, ಚಳಿಗಾಲದ ಮನೆ
ಡಿಸೆಂಬರ್ 19

ಲುಗ್ಯಲ್,

ಎರಡೂ ಕಾಗದ ಬಂದವು. ಮೊದಲನೆಯದನ್ನು ತಂದ ಭಿಕ್ಷು ನಾನು ಓದಿ ಮುಗಿಸುವವರೆಗೆ ಕುಳಿತಿದ್ದರು. ಒಳ್ಳೆಯ ಸುದ್ದಿಯೇ ಎಂದು ಕೇಳಿದರು. ಹೌದು, ಕೆಲಸ ಪೂರ್ತಿಯಾಗಿದೆ ಎಂದೆ. ಅವರಿಗೆ ಚಹಾ ಕೊಟ್ಟು, ಬೆಣ್ಣೆ ಕೊಟ್ಟು ಕಳಿಸಿದೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಮಾಡು ಎಂದವನು ನಾನು. ನೀನು ಮಾಡಿದೆ.

ಶಾಂಘೈನವರ ಚಿತ್ರವನ್ನು ನೊರ್ಜೊಮ್‌ಗೆ ತೋರಿಸಿದೆ. ಬಿಸಿಲಿಗೆ ಹಿಡಿದು, ಮೂರನೆಯವಳ ಮೇಲೆ ಬೆರಳಿಟ್ಟು, ಇವಳೇ ಎಂದೆ. ಅವಳು ನನ್ನ ಬೆರಳನ್ನು ಸರಿಸಿ ನೋಡಿದಳು.

"ಇದು ನಮ್ಮ ಕರಿಯ" ಎಂದಳು. "ಕೊಂಬು ನೋಡು ಅಪ್ಪ. ಕರಿಯ ಎಲ್ಲಿ ಹೋದ? ಕೊಟ್ಟಿಗೇಲಿ ಇಲ್ಲ."

ಹೊಳೆಗೆ ಹೋದ ಎಂದೆ. ಮತ್ತೆ ಬರುತ್ತಾನಾ ಎಂದು ಕೇಳಿದಳು. ಇಲ್ಲ ಎಂದೆ. ಕರಿಯನಿಗಾಗಿ ಸ್ವಲ್ಪ ಹೊತ್ತು ಅತ್ತಳು. ಪಕ್ಕದಲ್ಲಿದ್ದವಳನ್ನು ಕೇಳಲೇ ಇಲ್ಲ.

ಆ ಚಿತ್ರವನ್ನು ಇದರೊಳಗೆ ಇಟ್ಟಿದ್ದೇನೆ, ಶಾಂಘೈನವರಿಗೆ ತಿರುಗಿ ಕಳಿಸು. ಸ್ತೂಪ ಚೆನ್ನಾಗಿ ಬಂದಿದೆ. ಅವರಿಗೆ ಬೇಕಾಗುತ್ತದೆ.

ನೀನು ಬರಬೇಡ. ದಾರಿ ಇಂದೋ ನಾಳೆಯೋ ಮುಚ್ಚುತ್ತದೆ, ಅದೂ ಒಂದು. ಬಂದರೆ ನಾವಿಬ್ಬರೂ ಒಲೆಯ ಎರಡು ಕಡೆ ಕುಳಿತು ಒಬ್ಬರ ಮುಖ ಒಬ್ಬರು ಹುಡುಕುತ್ತೇವೆ. ನನಗೆ ಅದನ್ನು ತಡೆದುಕೊಳ್ಳಲಾಗದು. ಬೇಸಿಗೆಯಲ್ಲಿ ನೋಡೋಣ. ಬೇಸಿಗೆಯಲ್ಲೂ ಏನು ಬದಲಾಗುತ್ತದೆಯೋ ನನಗೆ ಗೊತ್ತಿಲ್ಲ.

ಲ್ಹಾತ್ಸೊ ಇಲ್ಲೇ ಉಳಿಯುತ್ತಾಳೆ. ಅವಳ ಗಂಡ ಬೇರೆ ಹೆಂಗಸನ್ನು ತಂದುಕೊಂಡಿದ್ದಾನೆ. ಈ ತಿಂಗಳ ಮೊದಲಲ್ಲಿ ನೊರ್ಜೊಮ್‌ಗೆ ಜ್ವರ ಬಂದಿತ್ತು. ಆಗಿನಿಂದ ಅವಳು ಲ್ಹಾತ್ಸೊಳನ್ನು ಅಮ್ಮ ಎಂದು ಕರೆಯುತ್ತಾಳೆ. ಅಮ್ಮ ಅಲ್ಲ, ಅತ್ತೆ ಅನ್ನು ಎಂದು ಪ್ರತಿ ಸಲವೂ ತಿದ್ದುತ್ತಿದ್ದೆ. ಮಗು ಹೇಳುತ್ತಿತ್ತು, ಮತ್ತೆ ಮರೆಯುತ್ತಿತ್ತು. ನಿನ್ನೆ ಸಂಜೆ ಲ್ಹಾತ್ಸೊ ಹಾಲಿನ ತಂಬಿಗೆ ಹಿಡಿದು ಒಳಗೆ ಬಂದಳು. ಮಗು ಹಾಸಿಗೆಯಿಂದ ಅಮ್ಮಾ ಎಂದು ಕೂಗಿತು. ಲ್ಹಾತ್ಸೊ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು, ನಾನು ಹೇಳಲಿ ಎಂದು.

ಈ ಸಲ ನಾನು ತಿದ್ದಲಿಲ್ಲ.

ತಮ್ಡಿನ್ ಕ್ಯಾಬ್